ಇಲಿಗಳ ಮುಂದೆ ದನಿ ಎತ್ತದ ಮನುಷ್ಯ

ಎಂಎಸ್ಸಿ ಮುಗಿಸಿದ ವರ್ಷ ನಾನು ಬಸವನಗುಡಿಯ ಒಂದು ಕಾಲೇಜಿನ ಸಂಶೋಧನಾ ವಿಭಾಗದಲ್ಲಿ ಇಲಿಗಳ ಮುಟ್ಟು ನೋಡುವ ಕೆಲಸಕ್ಕೆ ಸೇರಿದೆ. 'ಇಲಿಗಳ ಮುಟ್ಟು' ಅನ್ನುವುದು ನಮ್ಮಮ್ಮನ ಮಾತು. ಇಲಿಗಳು ಮುಟ್ಟಾಗುವುದಿಲ್ಲ. ನಾಲ್ಕೈದು ದಿನಕ್ಕೊಮ್ಮೆ ಅಂಡ ಬಲಿತು ಬಿಡುಗಡೆಯಾಗುವ ಒಂದು ಚಕ್ರ ಅವುಗಳಿಗಿದೆ, ಅಷ್ಟೆ, ರಕ್ತ ಹೋಗುವುದಿಲ್ಲ. ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಅಮ್ಮ ಮಾವಳ್ಳಿಯ ನಮ್ಮ ಬೀದಿಯಲ್ಲಿ ಕೇಳಿದವರಿಗೆಲ್ಲ, "ನಮ್ಮುಡುಗಿ ಇಲಿ ಮುಟ್ಟಿನ ಮೇಲೆ ಡಾಕ್ಟ್ರು ಓದ್ತಾವ್ಳೆ" ಎಂದೇ ಹೇಳುತ್ತಿದ್ದಳು. ಕೇಳಿದವರು ನಗುತ್ತಿದ್ದರು. ಅಮ್ಮನಿಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರ ಮಾಡುವವರ ಮನೆಯಲ್ಲಿ ಹೆಸರಿನ ಹಿಂದೆ ಡಾಕ್ಟರ್ ಎಂದು ಬರೆಸಿಕೊಳ್ಳಲು ಹೊರಟವಳು ನಾನೊಬ್ಬಳೇ. ಯಾವುದರ ಡಾಕ್ಟರಾದರೇನು?

ನನ್ನ ಮಾರ್ಗದರ್ಶಕರನ್ನು ಎಲ್ಲರೂ ಸರ್ ಎನ್ನುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ಒಳ್ಳೆಯ ಎತ್ತರ, ಇಸ್ತ್ರಿ ಮಾಡಿದ ಬಿಳಿ ಅರ್ಧ ತೋಳಿನ ಅಂಗಿ, ಸಂಜೆ ಮನೆಗೆ ಹೋಗುವಾಗ ತಪ್ಪದೆ ಗಾಂಧಿ ಬಜಾರಿನಲ್ಲಿ ಹೆಂಡತಿಗೆ ಮೊಳ ಮಲ್ಲಿಗೆ. ಪಾಠ ಹೇಳುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಆಮೇಲೂ ಕಂಡಿಲ್ಲ. ಅವರ ವಿಷಯ ಒಂದೇ: ಭಯ. ಹೆದರಿದ ಪ್ರಾಣಿ ಯಾಕೆ ಗಬ್ಬ ನಿಲ್ಲುವುದಿಲ್ಲ ಎಂಬುದನ್ನು ಅವರು ಹದಿನೈದಿಪ್ಪತ್ತು ವರ್ಷದಿಂದ ಕೆದಕುತ್ತಿದ್ದರು. ನಾನು ಸೇರಿದ ದಿನ ಕಪ್ಪುಹಲಗೆಯ ಮೇಲೆ ಇಲಿಯ ಚಿತ್ರ ಬರೆದರು, ಒಂದೇ ಗೆರೆಯಲ್ಲಿ, ಬಾಲ ಸಮೇತ.

"ಹಾವು ಮನೆ ಹೊಕ್ಕಿದೆ ಅಂತ ಗೊತ್ತಾದಾಗ ಯಾರಾದ್ರೂ ತೊಟ್ಟಿಲು ಕಟ್ತಾ ಕೂರ್ತಾರಾ? ದೇಹಾನೂ ಅಷ್ಟೇನೇ. ಮೊದ್ಲು ಜೀವ ಉಳಿಸ್ಕೋಬೇಕು. ಮರಿ ಆಮೇಲೆ" ಎಂದರು.

ಮೂತ್ರಪಿಂಡದ ನೆತ್ತಿಯ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಯನ್ನು ಬರೆದರು. ಭಯವಾದಾಗ ಅದು ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಸ್ವಲ್ಪ ಹೊತ್ತಿನ ಭಯವಾದರೆ ಅದು ಒಳ್ಳೆಯದೇ. ಓಡಲು, ಕಾದಾಡಲು ಶಕ್ತಿ ಕೊಡುತ್ತದೆ. ಆದರೆ ದಿನವೂ ಹೆದರುತ್ತಲೇ ಇದ್ದರೆ ಆ ಹಾರ್ಮೋನು ರಕ್ತದಲ್ಲಿ ಇಳಿಯುವುದೇ ಇಲ್ಲ. ಅದು ಮಿದುಳಿನ ತಳಕ್ಕೆ ಹೋಗಿ ಕೂರುತ್ತದೆ. ಅಂಡಾಶಯಕ್ಕೆ 'ಏಳು, ಕೆಲಸ ಶುರು ಮಾಡು' ಎಂಬ ಅಪ್ಪಣೆ ಹೊರಡುವುದು ಅಲ್ಲಿಂದಲೇ. ಆ ಅಪ್ಪಣೆ ನಾಡಿಯ ಹಾಗೆ ಮಿಡಿಯುತ್ತ ಪಿಟ್ಯುಟರಿ ಗ್ರಂಥಿಗೆ ಬರಬೇಕು, ಪಿಟ್ಯುಟರಿಯಿಂದ ಅಂಡಾಶಯಕ್ಕೆ ಹೋಗಬೇಕು. ಭಯದ ಹಾರ್ಮೋನು ಆ ಮಿಡಿತವನ್ನೇ ವಿರಳ ಮಾಡುತ್ತದೆ. ಅಪ್ಪಣೆ ಬರದ ಅಂಡಾಶಯ ಸುಮ್ಮನೆ ಮಲಗಿಬಿಡುತ್ತದೆ. ಅದಕ್ಕೆ ರೋಗವಿಲ್ಲ, ಗಾಯವಿಲ್ಲ. ಕೊಯ್ದು ನೋಡಿದರೆ ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ.

"ಹೆಂಗಸ್ರಲ್ಲೂ ಹೀಗೇನಾ ಸರ್?" ಎಂದು ಕೇಳಿದೆ.

"ಹೆಂಗಸ್ರು ಸಸ್ತನಿಗಳಲ್ವಾ?" ಎಂದು ನಕ್ಕರು. ನಾನೂ ನಕ್ಕೆ.

ನನ್ನ ಕೆಲಸ ಸುಲಭದ್ದು. ಬೆಳಿಗ್ಗೆ ಬಂದು ಪ್ರತಿ ಹೆಣ್ಣಿಲಿಯಿಂದಲೂ ಡ್ರಾಪರಿನಲ್ಲಿ ಒಂದು ಹನಿ ದ್ರವ ತೆಗೆದು ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ದುಂಡಗಿನ ಕೋಶಗಳಿದ್ದರೆ ಅಂಡ ಬಲಿಯುತ್ತಿದೆ. ಒಣಗಿದ ಎಲೆಯಂಥ ಕೋಶಗಳಿದ್ದರೆ ಬೆದೆಗೆ ಬಂದಿದೆ. ಬರೀ ಸಣ್ಣ ಸಣ್ಣ ಬಿಳಿ ರಕ್ತಕಣಗಳೇ ತುಂಬಿದ್ದರೆ ಅಂಡಾಶಯ ಸುಮ್ಮನಿದೆ. ಅರ್ಧದಷ್ಟು ಇಲಿಗಳನ್ನು ದಿನಾ ಕೆಲವು ಗಂಟೆ ತೂತು ಕೊರೆದ ಪ್ಲಾಸ್ಟಿಕ್ ಕೊಳವೆಯೊಳಗೆ ಸೇರಿಸಿಡುತ್ತಿದ್ದೆವು. ಅವಕ್ಕೆ ನೋವಾಗುವುದಿಲ್ಲ, ಉಸಿರಾಡಬಹುದು. ತಿರುಗಲು ಮಾತ್ರ ಆಗುವುದಿಲ್ಲ. ಅದೇ ಅವುಗಳ ಭಯ. ಉಳಿದರ್ಧ ಇಲಿಗಳಿಗೆ ಏನೂ ಮಾಡುವಂತಿಲ್ಲ. ಅವು ಹೋಲಿಕೆಗೆ ಇಟ್ಟವು. ಅವು ನೆಮ್ಮದಿಯಾಗಿ ತಿಂದುಂಡು ಇರಬೇಕು. ಹಾಗಿದ್ದರೆ ಮಾತ್ರ ಕೊಳವೆಯ ಇಲಿಗಳಿಗೆ ಆದದ್ದು ಭಯದಿಂದಲೇ ಎಂದು ಹೇಳಬಹುದು.

ಇಲಿಗಳ ಕೋಣೆಗೆ ಸರ್ ಕಟ್ಟುನಿಟ್ಟಿನ ನಿಯಮ ಮಾಡಿದ್ದರು. ಚಪ್ಪಲಿ ಹೊರಗೆ. ಬಳೆ ತೆಗೆದಿಡಬೇಕು. ಸೆಂಟು ಹಚ್ಚುವಂತಿಲ್ಲ. ದನಿ ಎತ್ತುವಂತಿಲ್ಲ. ಅವರು ಒಳಗೆ ಬಂದರೆ ಬೇರೆಯೇ ಮನುಷ್ಯ. ಇಲಿಯನ್ನು ಅಂಗೈಯಲ್ಲಿ ತೆಗೆದುಕೊಂಡು, ಹೆಬ್ಬೆರಳಿನಿಂದ ನೆತ್ತಿ ಸವರುತ್ತ, "ಬಾ ಪುಟ್ಟಿ, ಏನಾಗಲ್ಲ, ಏನಾಗಲ್ಲ" ಎನ್ನುತ್ತಿದ್ದರು. ಅವರ ಕೈಯಲ್ಲಿ ಇಲಿ ಕಣ್ಣು ಮುಚ್ಚುತ್ತಿತ್ತು.

ಆ ಕೋಣೆಯ ಬಾಗಿಲು ಹಾಕಿಕೊಂಡು ಹೊರಗೆ ಬಂದರೆ ಅವರು ನಮ್ಮ ಸರ್.

ನಮ್ಮ ಎಂದರೆ ನಾನು ಮತ್ತು ಇನ್ನೊಬ್ಬಳು. ನನಗಿಂತ ನಾಲ್ಕು ವರ್ಷ ಮೊದಲು ಸೇರಿದ್ದವಳು. ಮಲ್ಲೇಶ್ವರದಿಂದ ಎರಡು ಬಸ್ಸು ಬದಲಿಸಿ ಬರುತ್ತಿದ್ದಳು. ಮದುವೆಯಾಗಿತ್ತು, ಗಂಡ ಬ್ಯಾಂಕಿನಲ್ಲಿದ್ದ. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ. ಅವಳ ಪ್ರಬಂಧ ಮುಕ್ಕಾಲು ಪಾಲು ಮುಗಿದು ಸರ್ ಟೇಬಲ್ಲಿನ ಮೇಲಿತ್ತು. ಮುಗಿದದ್ದು ಅಲ್ಲಿಯೇ ಇರುತ್ತಿತ್ತು. ಒಂದು ಅಧ್ಯಾಯ ಕೊಟ್ಟರೆ ತಿಂಗಳಾದ ಮೇಲೆ ಕೆಂಪು ಗೀಟು ಹಾಕಿ, ಇಡೀ ವಿಭಾಗಕ್ಕೆ ಕೇಳುವ ಹಾಗೆ ಓದಿ ಹೇಳುತ್ತಿದ್ದರು. "ಇದನ್ನ ಯಾರಮ್ಮ ಬರೆದದ್ದು? ನಿಮ್ಮತ್ತೇನಾ? ಒಗ್ಗರಣೆ ವಾಸನೆ ಬರ್ತಿದೆ." ಪಕ್ಕದ ಕೋಣೆಯಲ್ಲಿ ಸಸ್ಯಶಾಸ್ತ್ರದವರು ಬರೆಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದರು. ಅಕ್ಕ ಪುಟಗಳನ್ನು ಎತ್ತಿಕೊಂಡು ಬಂದು ಕಿಟಕಿಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ನಾನು ಏನಾದರೂ ಅನ್ನಲು ಹೋದರೆ, "ಬೇಡ ಕಣೆ, ಈಗ ಮಾತಾಡಿಸ್ಬೇಡ" ಎನ್ನುವಳು.

ಬೈಗುಳ ಹೇಗೋ ತಡೆದುಕೊಳ್ಳಬಹುದಿತ್ತು. ನನಗೆ ಇವತ್ತಿಗೂ ಮೈ ಉರಿಸುವುದು ಕೀಲಿ. ಹೆಂಗಸರ ಟಾಯ್ಲೆಟ್ಟು ಹಿಂಬದಿಯ ಅಂಗಳದಲ್ಲಿತ್ತು. ಹೊರಗಿನವರು ಬಂದು ಹೊಲಸು ಮಾಡುತ್ತಾರೆಂದು ಅದಕ್ಕೆ ಬೀಗ ಹಾಕಿಸಿದ್ದರು. ಕೀಲಿ ಸರ್ ಮೇಜಿನ ಹಿಂದಿನ ಮೊಳೆಗೆ ತೂಗುತ್ತಿತ್ತು. ಬೇಕಾದಾಗ ಒಳಗೆ ಹೋಗಿ ಕೇಳಬೇಕು. ಅವರು ಯಾರೊಂದಿಗೋ ಮಾತಾಡುತ್ತಿದ್ದರೆ ಕಾಯಬೇಕು. ಒಂದೇ ದಿನದಲ್ಲಿ ಎರಡನೇ ಸಲ ಕೇಳಿದರೆ ಕನ್ನಡಕದ ಮೇಲಿಂದ ನೋಡಿ, "ಮತ್ತೇನಾ?" ಎನ್ನುತ್ತಿದ್ದರು. ಎದುರಿಗೆ ಬೇರೆ ಮೇಷ್ಟ್ರುಗಳು ಕೂತಿದ್ದರೆ ಅವರೂ ನೋಡುತ್ತಿದ್ದರು. ತಿಂಗಳಲ್ಲಿ ಯಾವ ದಿನ ಯಾರಿಗೆ ಎಂಬುದು ಆ ಮನುಷ್ಯನಿಗೆ ಗೊತ್ತಿರುತ್ತಿತ್ತು. ಒಮ್ಮೆ ಅಕ್ಕ ಹೊಟ್ಟೆನೋವೆಂದು ರಜೆ ಕೇಳಿದಾಗ, "ಕ್ಯಾಲೆಂಡರ್ ಪ್ರಕಾರ ಇನ್ನೂ ವಾರ ಇದೆಯಲ್ಲಮ್ಮ" ಎಂದರಂತೆ. ಅಕ್ಕ ಇದನ್ನು ನನಗೆ ಹೇಳುವಾಗ ಅವಳ ಕಿವಿಗಳು ಕೆಂಪಾಗಿದ್ದವು. ನಾವು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯುವುದನ್ನೇ ಬಿಟ್ಟೆವು.

ಇನ್ನೊಂದು ಮಾತು ಅವಳು ಸೇರಿದ ಹೊಸದರಲ್ಲೇ ಆಗಿತ್ತಂತೆ. "ಪಿಎಚ್‌ಡಿ ಮುಗಿಯೋ ತನಕ ಬಸುರು ಬಾಣಂತನ ಅಂತ ನನ್ನ ಹತ್ರ ಬರ್ಬೇಡ. ಮೊದ್ಲೇ ಹೇಳಿಬಿಟ್ಟಿದೀನಿ." ಮೊದಲ ಎರಡು ವರ್ಷ ಗಂಡ ಹೆಂಡತಿ ಅದರಂತೆ ನಡೆದರು. ಆಮೇಲೆ ಅತ್ತೆ ಮಾತು ಶುರು ಮಾಡಿದರು. ಮೂರನೆಯ ವರ್ಷ ಅಕ್ಕ, ಸರ್ ಏನಾದರೂ ಅಂದುಕೊಳ್ಳಲಿ ಎಂದು ಮನಸ್ಸು ಗಟ್ಟಿ ಮಾಡಿದಳು. ಆಗ ಬಸಿರು ನಿಲ್ಲಲಿಲ್ಲ.

ನಾನು ಸೇರಿ ಒಂದು ವರ್ಷವಾಗಿರಬೇಕು. ಒಂದು ಬೆಳಿಗ್ಗೆ ಅಕ್ಕ ನನ್ನನ್ನು ಮೂಲೆಗೆ ಕರೆದು, ಪಿಸುದನಿಯಲ್ಲಿ, "ಈ ತಿಂಗಳು ನಿಂತಿದೆ" ಎಂದಳು. ಕಣ್ಣು ತುಂಬಿ ಬಂದಿತ್ತು. ಯಾರಿಗೂ ಹೇಳಬೇಡ ಎಂದಳು. ಅಂದಿನಿಂದ ಭಾರದ ಪಂಜರಗಳನ್ನು ನಾನೇ ಎತ್ತಿಟ್ಟೆ. ಮಧ್ಯಾಹ್ನ ಅವಳ ಡಬ್ಬಿಯ ಚಿತ್ರಾನ್ನದ ಜೊತೆ ನಮ್ಮಪ್ಪ ಮಾರ್ಕೆಟ್ಟಿನಿಂದ ತಂದ ದಾಳಿಂಬೆ ಬಿಡಿಸಿ ಕೊಟ್ಟೆ. ಮುಂದಿನ ತಿಂಗಳೂ ಮುಟ್ಟಾಗಲಿಲ್ಲ. ಆಗ ಅವಳು ಮನೆಯಲ್ಲಿ ಹೇಳಿದಳು. ಅತ್ತೆ ದೇವರಿಗೆ ತುಪ್ಪದ ದೀಪ ಹಚ್ಚಿದರಂತೆ. ಗಂಡ ಹೆಂಡತಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಬಸಿರಲ್ಲ.

ಮತ್ತೊಮ್ಮೆ ಪರೀಕ್ಷೆ ಮಾಡಿಸಿದರು. ಆಗಲೂ ಇಲ್ಲ. ಮುಟ್ಟೂ ಇಲ್ಲ, ಬಸಿರೂ ಇಲ್ಲ.

"ಡಾಕ್ಟ್ರು, ಕೆಲ್ಸದಲ್ಲಿ ಟೆನ್ಷನ್ ಇದೆಯಾ ಅಂತ ಕೇಳಿದ್ರು" ಎಂದಳು ಅಕ್ಕ. "ನಾನು ಬಾಯಿ ಬಿಡೋಕೆ ಮುಂಚೆ ಇವ್ರೇ ಹೇಳಿಬಿಟ್ರು: ಏನ್ ಟೆನ್ಷನ್ ಮೇಡಂ, ಇಲಿ ನೋಡೋ ಕೆಲ್ಸ."

ಅವಳು ಇದನ್ನು ಹೇಳುವ ಹೊತ್ತಿಗೆ ನನಗೂ ನಿಂತು ಮೂರು ತಿಂಗಳಾಗಿತ್ತು. ನನಗೆ ಗಂಡನೂ ಇರಲಿಲ್ಲ, ದಾಳಿಂಬೆ ಬಿಡಿಸಿ ಕೊಡುವವರೂ ಇರಲಿಲ್ಲ. ಅಮ್ಮ ಲೆಕ್ಕ ಹಿಡಿದಿದ್ದಳು. ಬಟ್ಟೆ ಒಗೆಯುವವಳು ಅವಳೇ. ಒಂದು ಭಾನುವಾರ ಅಡುಗೆಮನೆಯ ಬಾಗಿಲು ಮುಂದೆ ಮಾಡಿ, "ನಿಜ ಹೇಳು, ಯಾರ್ ಅವ್ನು?" ಎಂದು ಕೇಳಿದಳು. ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅರ್ಥವಾದ ಮೇಲೆ ನಾನು ಅತ್ತದ್ದಕ್ಕೆ ಅಮ್ಮ ಹೆದರಿ, ಮರುದಿನವೇ ಚಾಮರಾಜಪೇಟೆಯ ಒಬ್ಬರು ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ವಯಸ್ಸಾದವರು, ಕೈ ಬೆಚ್ಚಗಿತ್ತು. ನನ್ನನ್ನು ಪರೀಕ್ಷಿಸಿ ಅಮ್ಮನ ಕಡೆ ತಿರುಗಿ, "ಏನೂ ತೊಂದ್ರೆ ಇಲ್ಲ. ಬೇಗ ಒಂದು ಮದ್ವೆ ಮಾಡಿ, ಎಲ್ಲಾ ಸರಿಹೋಗತ್ತೆ" ಎಂದರು.

ಅಮ್ಮ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡಿದ್ದಳು. ನನಗೆ ಸಮಾಧಾನ ಮಾಡುತ್ತಿದ್ದಾಳೆ ಎಂದುಕೊಂಡಿದ್ದೆ. ಮನೆ ಹತ್ತಿರ ಬಂದಾಗ, "ಗಂಡಿನ ಕಡೇವ್ರಿಗೆ ಇದು ಗೊತ್ತಾಗ್ಬಾರ್ದು" ಎಂದಳು.

ಅಕ್ಕನಿಗೆ ನನ್ನ ವಿಷಯ ಹೇಳಿದ್ದು ಇಲಿಗಳ ಕೋಣೆಯಲ್ಲಿ. ಅಲ್ಲಿ ಮಾತ್ರ ಯಾರೂ ನಮ್ಮನ್ನು ಬೈಯುವಂತಿರಲಿಲ್ಲವಲ್ಲ. ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ನೋಡುತ್ತಿದ್ದೆ, ಕೊಳವೆಯ ಇಲಿ, ಬರೀ ಬಿಳಿಕಣಗಳು. ಕಣ್ಣು ತೆಗೆಯದೇ ಹೇಳಿದೆ. ಅಕ್ಕ ಪಂಜರಗಳ ಸಾಲನ್ನು ನೋಡುತ್ತ ನಿಂತಿದ್ದಳು.

"ನಮ್ಮಿಬ್ರನ್ನ ಯಾವ ಗುಂಪಿಗೆ ಸೇರಿಸ್ತಾರೋ" ಎಂದಳು.

ಇಬ್ಬರಿಗೂ ನಗು ಬಂತು. ಬಾಯಿಗೆ ಸೆರಗು, ದುಪಟ್ಟ ಒತ್ತಿ ಹಿಡಿದು ನಕ್ಕೆವು, ಇಲಿಗಳು ಹೆದರಬಾರದೆಂದು. ನನಗೆ ಆ ನಗುವನ್ನು ನೆನೆದರೆ ಈಗ ಸಿಟ್ಟು ಬರುತ್ತದೆ. ಇಬ್ಬರೂ ಪ್ರಾಣಿಶಾಸ್ತ್ರ ಓದಿದವರು. ಒಂದು ಗ್ರಂಥಿಯಿಂದ ಇನ್ನೊಂದಕ್ಕೆ ದಾರಿ ಯಾವುದೆಂದು ನಿದ್ದೆಯಲ್ಲೂ ಹೇಳಬಲ್ಲವರು. ನಮಗೆ ಏನಾಗುತ್ತಿದೆ, ಯಾರಿಂದ ಆಗುತ್ತಿದೆ ಎಂದು ತಿಳಿದೂ ಮಾಡಲು ಏನೂ ಇರಲಿಲ್ಲ. ಬಿಟ್ಟುಹೋದರೆ ಅವಳ ಐದು ವರ್ಷ ಹೋಗುತ್ತದೆ. ನನ್ನ ಮಾನ ಇಡೀ ಮಾವಳ್ಳಿಯ ಮುಂದೆ ಹೋಗುತ್ತದೆ. ಪ್ರಬಂಧಕ್ಕೆ ಸಹಿ ಹಾಕುವ ಕೈ ಅದೊಂದೇ.

ಅದೇ ಬೇಸಿಗೆಯಲ್ಲಿ ಕಾಲೇಜಿನ ಪಕ್ಕದ ಹಳೇ ಬಂಗಲೆಯನ್ನು ಕೆಡವಲು ಶುರು ಮಾಡಿದರು. ಹೆಂಚಿನ ಮಾಡು, ಮುಂದೆ ಕಮಾನಿನ ಜಗಲಿ, ಕಾಂಪೌಂಡಿನಲ್ಲಿ ಎರಡು ಮಾವಿನ ಮರ ಇದ್ದ ಮನೆ. ಬಸವನಗುಡಿಯಲ್ಲಿ ಆಗ ತಿಂಗಳಿಗೊಂದು ಇಂಥ ಮನೆ ಬೀಳುತ್ತಿತ್ತು, ಅಲ್ಲಿ ಫ್ಲಾಟು ಏಳುತ್ತಿತ್ತು. ಮೊದಲು ಗೋಡೆ ಒಡೆಯುವ ಸದ್ದು. ಆಮೇಲೆ ಬೋರ್‌ವೆಲ್ ಲಾರಿ ಬಂತು. ಕಿವಿ ಕಿತ್ತುಹೋಗುವ ಹಾಗೆ ಹಗಲೆಲ್ಲ ಕೊರೆದರು. ಅದು ಮುಗಿದರೆ ಕಾಂಕ್ರೀಟು ಕಲೆಸುವ ಯಂತ್ರ. ಇಲಿಗಳ ಕೋಣೆಯ ಕಿಟಕಿ ಗಾಜು ಸದಾ ನಡುಗುತ್ತಿತ್ತು. ಪಂಜರದ ನೀರಿನ ಬಾಟಲಿಗಳೂ.

ನನ್ನ ಹೋಲಿಕೆಯ ಇಲಿಗಳ ಚಕ್ರ ನಿಂತುಹೋಯಿತು. ಮೊದಲು ಒಂದೆರಡರದು, ಆಮೇಲೆ ಹೆಚ್ಚುಕಮ್ಮಿ ಎಲ್ಲದರದೂ. ಕೊಳವೆಯ ಮುಖವನ್ನೇ ನೋಡದ, ತಿಂದು ಮಲಗಬೇಕಾಗಿದ್ದ ಇಲಿಗಳಲ್ಲಿ ದಿನವೂ ಬಿಳಿಕಣ, ಬಿಳಿಕಣ. ಎರಡು ಗುಂಪಿಗೂ ವ್ಯತ್ಯಾಸವೇ ಉಳಿಯಲಿಲ್ಲ.

ಸರ್‌ಗೆ ತೋರಿಸಿದೆ.

"ಪಂಜರ ಅದಲು ಬದಲು ಮಾಡಿದೀಯ" ಎಂದರು.

"ಇಲ್ಲ ಸರ್. ಕಿವಿಗೆ ಗುರುತು ಹಾಕಿದೀವಿ, ನೋಡಿ. ಪಕ್ಕದ ಸದ್ದಿಗೇ ಹೀಗಾಗಿದೆ ಅನ್ಸತ್ತೆ."

"ಅನ್ಸತ್ತೆ! ಸೊಪ್ಪು ಮಾರೋ ಹಾಗಲ್ಲಮ್ಮ ಇದು, ತೂಕದಲ್ಲಿ ಹೆಚ್ಚುಕಮ್ಮಿ ಮಾಡೋಕೆ."

ಆಗಲೂ ಬಾಗಿಲು ತೆರೆದೇ ಇತ್ತು. ನಮ್ಮಪ್ಪ ಏನು ಮಾಡುತ್ತಾರೆಂದು ನಾನು ಸೇರುವಾಗ ಹೆಮ್ಮೆಯಿಂದ ಹೇಳಿಕೊಂಡಿದ್ದೆ.

ಸುಮ್ಮನಿರಲು ನನಗೆ ಆಗಲಿಲ್ಲ. ಆ ತಂಡದ ಇಲಿಗಳ ಸರದಿ ಮುಗಿದು ಕೊಯ್ದಾಗ ಅಕ್ಕ ಮತ್ತು ನಾನು ಕೂತು ಎಲ್ಲವುಗಳ ಅಡ್ರಿನಲ್ ಗ್ರಂಥಿ ಬಿಡಿಸಿ ತೂಕ ಮಾಡಿದೆವು. ಬಹಳ ದಿನ ಹೆದರಿದ ಪ್ರಾಣಿಯಲ್ಲಿ ಅದು ದುಡಿದು ದುಡಿದು ಊದಿಕೊಂಡಿರುತ್ತದೆ. ನನ್ನ ಹೋಲಿಕೆಯ ಇಲಿಗಳ ಗ್ರಂಥಿ ಕೊಳವೆಯ ಇಲಿಗಳದ್ದರಷ್ಟೇ ದಪ್ಪಗಿತ್ತು. ಯಾರೂ ಮುಟ್ಟದಿದ್ದರೂ, ಯಾರೂ ಕಟ್ಟಿಹಾಕದಿದ್ದರೂ ಅವು ಅಷ್ಟೂ ದಿನ ಹೆದರಿಕೊಂಡೇ ಬದುಕಿದ್ದವು. ಸರ್ ತೂಕದ ಅಂಕಿಗಳನ್ನು ನೋಡಿದರು. ಆ ಬುದ್ಧಿವಂತನಿಗೆ ಒಂದೇ ನೋಟಕ್ಕೆ ತಿಳಿಯಿತು, ಅವರ ಮುಖದಲ್ಲಿ ನಾನದನ್ನು ಕಂಡೆ. ಆದರೂ, "ಇದನ್ನೆಲ್ಲ ಪಕ್ಕಕ್ಕೆ ಇಡು. ಹೊಸ ಇಲಿ ತರಿಸ್ತೀನಿ. ಮೊದ್ಲಿಂದ ಮಾಡು" ಎಂದರು. ಒಂದೂವರೆ ವರ್ಷದ ಕೆಲಸ ಪಕ್ಕಕ್ಕೆ ಹೋಯಿತು.

ಅಷ್ಟರಲ್ಲಿ ಪ್ರಯೋಗಾಲಯದ ಪ್ರಾಣಿಗಳಿಗೆ ಸರ್ಕಾರದ ಹೊಸ ಕಾನೂನು ಬಂದಿತ್ತು. ಇನ್ನು ಮೇಲೆ ಇಲಿಗೆ ಹಿಂಸೆ ಕೊಡಬೇಕಾದರೆ ಸಮಿತಿಯ ಒಪ್ಪಿಗೆ ಬೇಕು. ಎಷ್ಟು ಇಲಿ, ಎಷ್ಟು ಹೊತ್ತು, ಯಾತಕ್ಕೆ, ಬೇರೆ ದಾರಿ ಇಲ್ಲವೇ ಎಂದೆಲ್ಲ ಬರೆದು ಕೊಡಬೇಕು. ನಾನು ಇದನ್ನು ಆಡಿಕೊಳ್ಳುವುದಕ್ಕೆ ಹೇಳುತ್ತಿಲ್ಲ, ಬೇಕಾಗಿದ್ದ ಕಾನೂನು. ನಮ್ಮಲ್ಲಿಗೂ ಸಮಿತಿಯವರು ಬರುತ್ತಾರೆಂದು ಸರ್ ಕೋಣೆಗೆ ಸುಣ್ಣ ಹೊಡೆಸಿದರು. ಕಿಟಕಿಗೆ ಎರಡು ಪದರ ಗಾಜು ಹಾಕಿಸಿದರು. ಪಂಜರದಲ್ಲಿ ಹಾಸಲು ಹೊಸ ಹೊಟ್ಟು ಬಂತು. ಹಿಂಬದಿಯ ಅಂಗಳದ ಬೀಗ ಹಾಗೇ ಇತ್ತು.

ಮೂವರು ಬಂದಿದ್ದರು. ಅವರಲ್ಲೊಬ್ಬರು ನಿವೃತ್ತ ಪಶುವೈದ್ಯರು, ನಿಧಾನದ ಮನುಷ್ಯ. ಪ್ರತಿಯೊಂದು ಪಂಜರದ ಮುಂದೆ ಬಗ್ಗಿ ನೋಡುತ್ತಿದ್ದರು. ಇಲಿಗಳಿಗೆ ಜಾಗ ಸಾಲುತ್ತದೆಯೇ, ಬೆಳಕು ಹೆಚ್ಚಾಗಿಲ್ಲವೇ, ರಾತ್ರಿ ನಿಜವಾಗಿ ಕತ್ತಲಾಗುತ್ತದೆಯೇ ಎಂದು ಕೇಳಿದರು. ನಮಗೆ ಕಾಫಿ ತರುವ ಕೆಲಸ. ಅಕ್ಕ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ನಾನು ಅವಳ ಹಿಂದೆ.

"ನೋಡ್ಕೊಳ್ಳೋರು ಒರಟಾಗಿ ನಡ್ಕೊಳ್ಳೋದು, ಜೋರಾಗಿ ಕೂಗಾಡೋದು ಇವೆಲ್ಲ ಇಲ್ಲ ತಾನೆ?" ಎಂದು ಪಶುವೈದ್ಯರು ಕೇಳಿದರು. "ಅದ್ರಿಂದ್ಲೂ ಪ್ರಾಣಿಗೆ ತುಂಬಾ ಕೆಡುಕಾಗತ್ತೆ."

"ಛೆ ಛೆ" ಎಂದರು ಸರ್. "ಇಲ್ಲಿ ಯಾರೂ ದನಿ ಎತ್ತೋ ಹಾಗೇ ಇಲ್ಲ. ಬೇಕಾದ್ರೆ ಇವ್ರನ್ನೇ ಕೇಳಿ."

ಪಶುವೈದ್ಯರು ನಮ್ಮ ಕಡೆ ತಿರುಗಿ ನೋಡಿದರು.

"ಹೌದು ಸರ್" ಎಂದಳು ಅಕ್ಕ. ದನಿ ಶಾಂತವಾಗಿತ್ತು. "ಸರ್ ಯಾವತ್ತೂ ಇಲಿಗಳ ಮುಂದೆ ದನಿ ಎತ್ತಿಲ್ಲ. ಎತ್ತೋದೇನಿದ್ರೂ ಈ ಬಾಗಿಲಿನ ಆಚೆ."

ಪಶುವೈದ್ಯರು ಅವಳನ್ನು ಸ್ವಲ್ಪ ಹೊತ್ತು ನೋಡಿದರು. ತಟ್ಟೆಯಿಂದ ಕಾಫಿ ಲೋಟ ತೆಗೆದುಕೊಂಡರು. ಅವರಿಗೆ ಅರ್ಥವಾಯಿತೆಂದು ನಾನು ಇವತ್ತಿಗೂ ನಂಬುತ್ತೇನೆ. ಏನೋ ಕೇಳಲು ಹೊರಟವರಂತೆ ಬಾಯಿ ತೆರೆದರು, ಆಮೇಲೆ ಲೋಟ ತುಟಿಗಿಟ್ಟರು. ಉಳಿದಿಬ್ಬರು ಹೊಟ್ಟಿನ ಗುಣಮಟ್ಟದ ಬಗ್ಗೆ ಮಾತು ಎತ್ತಿದರು. ಒಪ್ಪಿಗೆ ಸಿಕ್ಕಿತು. ಆ ಸಮಿತಿಯಲ್ಲಿ ನಮ್ಮ ಕುರಿತು ಕೇಳಬೇಕಾದವರು ಯಾರೂ ಇರಲಿಲ್ಲ. ಅವರು ಬಂದದ್ದು ಇಲಿಗಳಿಗೋಸ್ಕರ.

ಅವರ ಕಾರು ಗೇಟು ದಾಟಿದ ಮೇಲೆ ಸರ್ ಅಕ್ಕನನ್ನು ಒಳಗೆ ಕರೆದರು. ಅಂದು ಮಾತ್ರ ಬಾಗಿಲು ಹಾಕಿಕೊಂಡರು. ಕೂಗು ಕೇಳಲಿಲ್ಲ. ಅವಳು ಹೊರಗೆ ಬಂದಾಗ ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

"ಏನಂದ್ರು ಅಕ್ಕ?"

"ಮೂರನೇ ಅಧ್ಯಾಯದ ಪ್ರಯೋಗ ಪೂರ್ತಿ ಮತ್ತೆ ಮಾಡ್ಬೇಕಂತೆ."

ಅವಳು ಮತ್ತೆ ಮಾಡಲಿಲ್ಲ. ಒಂದು ವಾರ ಬಂದಳು, ಮೈಕ್ರೋಸ್ಕೋಪಿನ ಮಸೂರಗಳನ್ನೆಲ್ಲ ಒರೆಸಿಟ್ಟಳು, ತನ್ನ ಇಲಿಗಳನ್ನು ನನಗೆ ಒಪ್ಪಿಸಿದಳು. ಶನಿವಾರ ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ, "ಸೋಮವಾರದಿಂದ ಬರಲ್ಲ ಕಣೆ" ಎಂದಳು. ನಾನು ಏನೇನೋ ಹೇಳಿದೆ. ಇಷ್ಟು ವರ್ಷ ಕಳೆದಿದೀರಿ, ಇನ್ನೇನು ಸ್ವಲ್ಪ ಅಲ್ವಾ ಎಂದೆ. ಅವಳು ನನ್ನ ಕೆನ್ನೆ ಮುಟ್ಟಿ, "ನಂಗೆ ಈಗ ಮೂವತ್ತೆರಡು" ಎಂದಳು. ಅವಳ ಬಸ್ಸು ಬಂತು.

ಬಿಟ್ಟ ಮೂರನೇ ತಿಂಗಳಿಗೆ ಅವಳಿಗೆ ಮುಟ್ಟು ಮರಳಿತು. ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಹೇಳಿದಳು. ಪಕ್ಕದ ಮನೆಯವರ ಎದುರು ನಾನು "ಓ, ತುಂಬಾ ಸಂತೋಷ" ಎಂದದ್ದನ್ನು ಕೇಳಿ ಅವರು ಅವಳಿಗೆ ಪಿಎಚ್‌ಡಿ ಬಂತೆಂದುಕೊಂಡರು. ಆಮೇಲೆ ವರ್ಷಗಟ್ಟಲೆ ಡಾಕ್ಟರುಗಳು, ಚುಚ್ಚುಮದ್ದು, ವ್ರತ. ಮಗು ಆಗಲಿಲ್ಲ. ಅವಳು ಮಲ್ಲೇಶ್ವರದ ಮನೆಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರದ ಪಾಠ ಹೇಳುತ್ತ ಉಳಿದಳು. ಸಂತಾನೋತ್ಪತ್ತಿಯ ಪಾಠವನ್ನು ಅವಳಷ್ಟು ಚೆನ್ನಾಗಿ ಮಾಡುವವರಿಲ್ಲ ಎಂದು ಅವಳ ಹತ್ತಿರ ಓದಿದ ಹುಡುಗಿಯೊಬ್ಬಳು ನನಗೆ ಹೇಳಿದಳು.

ನಾನು ಉಳಿದುಕೊಂಡೆ. ಬೇರೆ ಇಲಿಗಳು, ಮೊದಲಿನಿಂದ. ಸಾಕಷ್ಟು ತಡವಾಗಿ ನನಗೆ ಪದವಿ ಬಂತು. ಆ ಮಧ್ಯೆ ಒಂದು ದಿನ ಗ್ರಂಥಾಲಯದಲ್ಲಿ ಹೊಸ ಪತ್ರಿಕೆಗಳನ್ನು ತಿರುವಿಹಾಕುವಾಗ ಸರ್ ಲೇಖನ ಕಣ್ಣಿಗೆ ಬಿತ್ತು. ಕಟ್ಟಡದ ಸದ್ದಿನಿಂದ ಇಲಿಗಳ ಚಕ್ರ ನಿಲ್ಲುವುದರ ಬಗ್ಗೆ. ಪಕ್ಕಕ್ಕಿಟ್ಟಿದ್ದ ನನ್ನ ಇಲಿಗಳೇ. ನಾವು ತೂಗಿದ ಗ್ರಂಥಿಗಳೇ. ಹೆಸರು ಅವರದು, ಜೊತೆಗೆ ಹೊಸದಾಗಿ ಸೇರಿದ್ದ ಒಬ್ಬ ಹುಡುಗನದು. ಕೇಳಿದೆ. "ನಿನ್ನ ಪ್ರಬಂಧದಲ್ಲಿ ಅದು ಇರ್ಲಿಲ್ವಲ್ಲಮ್ಮ" ಎಂದರು. ಅವರು ಹೇಳಿದ್ದು ನಿಜವೇ ಆಗಿತ್ತು.

ಆ ಕಟ್ಟಡ ಬಿಟ್ಟು ಚಾಮರಾಜಪೇಟೆಯ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿದ ಮೇಲೆ ನನ್ನ ದೇಹ ತನ್ನಷ್ಟಕ್ಕೆ ಸರಿಹೋಯಿತು. ಮೂವತ್ತು ದಾಟಿದ ಮೇಲೆ ಮದುವೆ, ಒಬ್ಬಳು ಮಗಳು. ಅಮ್ಮ ಅದು ಲೇಡಿ ಡಾಕ್ಟರ ಕೈಗುಣ ಎಂದಳು. ನಾನು ವಾದ ಮಾಡಲಿಲ್ಲ. ಅಕ್ಕನಿಗೆ ಆದದ್ದು ಸರ್‌ನಿಂದಲೇ ಎಂದು ನಾನು ಹೇಳಲಾರೆ. ಕೊಳವೆಯ ಇಲಿಗಳಲ್ಲೂ ಏನೇ ಮಾಡಿದರೂ ಚಕ್ರ ತಪ್ಪದವು ಒಂದೆರಡು ಇರುತ್ತಿದ್ದವು. ಬಿಡುಗಡೆ ಮಾಡಿದ ಮೇಲೂ ಮರಿ ಹಾಕದವು ಒಂದೆರಡು. ಯಾವುದು ಏತಕ್ಕೆ ಎಂದು ಒಂದೊಂದೇ ಇಲಿಯನ್ನು ಹಿಡಿದು ಹೇಳಲು ಬರುವುದಿಲ್ಲ. ಗುಂಪಿನ ಎದುರು ಗುಂಪು ಇಟ್ಟು ನೋಡಬೇಕು. ಆ ಮನುಷ್ಯನ ಕೈಗೆ ಸಿಗದ, ಇನ್ನೆಲ್ಲ ವಿಷಯದಲ್ಲೂ ಅವಳಂತೆಯೇ ಇರುವ ಇನ್ನೊಬ್ಬ ಅಕ್ಕ ಎಲ್ಲೂ ಇರಲಿಲ್ಲ. ಹಾಗಾಗಿ ಅವರ ಮೇಲೆ ಯಾವ ಆರೋಪವನ್ನೂ ಸಾಬೀತು ಮಾಡಲಾಗದು. ಅದನ್ನು ನನಗೆ ಕಲಿಸಿದವರೂ ಅವರೇ.

ಎರಡು ಸಾವಿರದ ಇಸವಿಯ ನಂತರದ ಮೊದಲ ದಶಕ ಮುಗಿಯುತ್ತ ಬಂದಿತ್ತು. ಅವರೆಕಾಯಿ ಕಾಲ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಅವರು ಕಾಣಿಸಿದರು. ನಿವೃತ್ತಿಯಾಗಿ ವರ್ಷಗಳಾಗಿದ್ದವು. ಕೈಯಲ್ಲಿ ಬಟ್ಟೆ ಚೀಲ, ಸ್ವೆಟರು, ತಲೆ ಪೂರ್ತಿ ನೆರೆತಿತ್ತು. ಗುರುತು ಹಿಡಿದು, "ಏನಮ್ಮಾ, ಚೆನ್ನಾಗಿದೀಯಾ? ಮಕ್ಕಳು?" ಎಂದು ಬಾಯ್ತುಂಬ ಕೇಳಿದರು.

"ಒಬ್ಳು ಮಗಳು ಸರ್."

"ಒಳ್ಳೇದು, ಒಳ್ಳೇದು. ಅವಳು ಹೇಗಿದಾಳೆ? ಮಲ್ಲೇಶ್ವರದವಳು. ಅವಳಿಗೆ ಮಕ್ಕಳಾಯ್ತಾ?"

"ಇಲ್ಲ ಸರ್."

ಅವರ ಮುಖ ನಿಜವಾಗಿಯೂ ಚಿಕ್ಕದಾಯಿತು. "ಅಯ್ಯೋ ಪಾಪ" ಎಂದರು. "ಎಲ್ಲದಕ್ಕೂ ಟೆನ್ಷನ್ ಮಾಡ್ಕೊಳ್ತಿದ್ಲು. ಅಷ್ಟು ಟೆನ್ಷನ್ ಮಾಡ್ಕೊಂಡ್ರೆ ಹೇಗಾಗತ್ತೆ ಹೇಳು? ನಾನು ಆವಾಗ್ಲೇ ಹೇಳ್ತಿದ್ದೆ."

"ಅವಳು ಮಾಡ್ಕೊಳ್ತಿರ್ಲಿಲ್ಲ ಸರ್" ಎಂದೆ. "ನೀವು ಮಾಡ್ತಿದ್ರಿ."

ಸುತ್ತ ಜನ, ಆಟೋ ಹಾರನ್ನು. ಆದರೂ ಅವರಿಗೆ ಕೇಳಿಸಿತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಕಣ್ಣು ಕೆಳಗೆ ಮಾಡಲಿಲ್ಲ. ಅವರು ಸಿಟ್ಟಾಗಲಿಲ್ಲ, ನಾಚಿಕೊಳ್ಳಲೂ ಇಲ್ಲ. ಹಳೇ ಶಿಷ್ಯೆಯ ತುಂಟತನ ಕಂಡವರ ಹಾಗೆ ತಲೆಯಾಡಿಸಿ, "ನೀನು ಮೊದ್ಲಿಂದ್ಲೂ ಸ್ವಲ್ಪ ದುಡುಕು" ಎಂದು ನಕ್ಕು, ಅವರೆಕಾಯಿ ಮಾರುವವಳ ಕಡೆ ತಿರುಗಿದರು. "ಸೊಗಡು ಇದೆ ತಾನೇನಮ್ಮ?" ಎಂದು ಅವಳನ್ನು ಕೇಳುತ್ತ ಒಂದು ಕಾಯಿ ಎತ್ತಿ ಮೂಗಿಗೆ ಹಿಡಿದರು.

ನಾನು ನನಗೆ ಬೇಕಾದ ಕಾಯಿಯನ್ನು ಮುಂದಿನ ಅಂಗಡಿಯಲ್ಲಿ ಕೊಂಡೆ.